ಬ್ರೇಕ್ ಕೆಟ್ಟರೆ ಲೇತಿಗೆ ಕೊಡಬೇಕೋ, ಹೊಸದೇ ಹಾಕಿಸಬೇಕೋ?

ಚಾರ್ಮಾಡಿ ಘಾಟಿ ಇಳಿದು ಉಜಿರೆ ತಲುಪುವಷ್ಟರಲ್ಲಿ ನನ್ನ ಕಾರಿನ ಬ್ರೇಕ್ ಪೆಡಲ್ ಕಾಲಡಿಯಲ್ಲಿ ನಡುಗಲು ಶುರುವಾಗಿತ್ತು. ಜೋರಾಗಿ ಒತ್ತಿದರೆ ಸ್ಟೀರಿಂಗ್ ಕೂಡ ಅದುರುತ್ತಿತ್ತು. ಬೆಂಗಳೂರಿಗೆ ಮರಳಿದ ಮೇಲೆ ಬೀದಿ ಕೊನೆಯ ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ಚಕ್ರ ಬಿಚ್ಚಿ, ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಅಂದರೆ ಡಿಸ್ಕಿನ ಮೇಲೆ ಬೆರಳಾಡಿಸಿ, "ಲೇತಿಗೆ ಕೊಟ್ಟು ಒಂದು ಪದರ ತೆಗೆಸಿದ್ರೆ ಆಯ್ತು ಸಾರ್, ಹೊಸದ್ಯಾಕೆ?" ಅಂದರು. ಲೇತು ಅಂದರೆ ಲೋಹವನ್ನು ತಿರುಗಿಸುತ್ತಾ ಮೇಲ್ಮೈ ಕೆತ್ತಿ ಸಮ ಮಾಡುವ ಯಂತ್ರ. ಇನ್ನೊಂದು ಅಭಿಪ್ರಾಯ ಇರಲಿ ಅಂತ ದೊಡ್ಡ ಸರ್ವಿಸ್ ಸೆಂಟರಿಗೂ ಹೋದೆ. ಅಲ್ಲಿನ ಹುಡುಗ ಕಂಪ್ಯೂಟರಿನಿಂದ ಕಣ್ಣೆತ್ತದೆ, "ಡಿಸ್ಕು, ಪ್ಯಾಡು, ಕ್ಯಾಲಿಪರ್ ಅಸೆಂಬ್ಲಿ ಎಲ್ಲಾ ಚೇಂಜ್ ಮಾಡ್ಬೇಕಾಗುತ್ತೆ ಸರ್" ಅಂದ. ಪ್ಯಾಡು ಅಂದರೆ ಡಿಸ್ಕಿಗೆ ಎರಡೂ ಕಡೆಯಿಂದ ಉಜ್ಜಿ ನಿಲ್ಲಿಸುವ ತುಂಡು, ಕ್ಯಾಲಿಪರ್ ಅಂದರೆ ಆ ಪ್ಯಾಡುಗಳನ್ನು ಹಿಡಿದು ಒತ್ತುವ ಭಾಗ, ಅಸೆಂಬ್ಲಿ ಅಂದರೆ ಅದರ ಇಡೀ ಜೋಡಣೆ. ಒಬ್ಬರದು ಸಾವಿರದೊಳಗಿನ ಲೆಕ್ಕ, ಇನ್ನೊಬ್ಬರದು ಅದರ ಇಪ್ಪತ್ತು ಪಟ್ಟು.

ಇಬ್ಬರಲ್ಲಿ ಒಬ್ಬರೂ ಡಿಸ್ಕಿನ ದಪ್ಪ ಅಳೆದಿರಲಿಲ್ಲ.

ಬ್ರೇಕಿನ ವಿಷಯದಲ್ಲಿ ರಿಪೇರಿಯೋ ಬದಲಾವಣೆಯೋ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಹಾಗಂತ ಮನಸ್ಸಿಗೆ ಬಂದಂತೆ ತೀರ್ಮಾನಿಸುವ ವಿಷಯವೂ ಅಲ್ಲ. ಬ್ರೇಕಿನ ಭಾಗಗಳಲ್ಲಿ ಕೆಲವು ತೇಯುವುದಕ್ಕೆಂದೇ ಇರುವಂಥವು, ಕೆಲವು ಒತ್ತಡ ಹಿಡಿದಿಡುವಂಥವು, ಇನ್ನು ಕೆಲವು ಬರೀ ಹಿಂದೆ ಮುಂದೆ ಜರುಗುವಂಥವು. ತೇಯುವ ಭಾಗ ಮುನ್ಸೂಚನೆ ಕೊಟ್ಟೇ ಸಾಯುತ್ತದೆ, ಅದರ ಹಣೆಬರಹವನ್ನು ಅಳತೆ ಹೇಳುತ್ತದೆ. ಒತ್ತಡ ಹಿಡಿಯುವ ಭಾಗ ಕೈಕೊಟ್ಟರೆ ಒಂದೇ ಕ್ಷಣದಲ್ಲಿ ಕೊಡುತ್ತದೆ, ಅಲ್ಲಿ ತೇಪೆಗೆ ಜಾಗವಿಲ್ಲ. ಜರುಗುವ ಭಾಗಕ್ಕೆ ಎಷ್ಟೋ ಸಲ ತೊಳೆದು ಗ್ರೀಸ್ ಹಚ್ಚಿದರೆ ಸಾಕು. ನಾನು ಕಂಡಂತೆ ನಮ್ಮಲ್ಲಿ ಆಗುವುದು ಉಲ್ಟಾ: ಗ್ರೀಸ್ ಸಾಕಾಗುವ ಕಡೆ ಅಸೆಂಬ್ಲಿ ಬದಲಾಗುತ್ತದೆ, ಬದಲಾಗಲೇಬೇಕಾದ ರಬ್ಬರ್ ಹೋಸು ವರ್ಷಗಟ್ಟಲೆ ಹಾಗೇ ಇರುತ್ತದೆ.

ಮೊದಲು ಬ್ರೇಕಿಗೆ ಎಷ್ಟು ಬಿಸಿ ತಟ್ಟುತ್ತದೆ ಅನ್ನುವುದು ಗೊತ್ತಿರಬೇಕು. ಕಾರಿನ ಓಟವನ್ನೆಲ್ಲ ಶಾಖವಾಗಿ ಬದಲಿಸುವುದೇ ಬ್ರೇಕಿನ ಕೆಲಸ. ಸಾವಿರ ಕಿಲೋ ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಿಂದ ಪೂರ್ತಿ ನಿಂತಾಗ ಹುಟ್ಟುವ ಶಾಖ ಸುಮಾರು 250 ಕಿಲೋಜೌಲ್. ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಗೆ ತರಲು ಅಷ್ಟು ಸಾಕು. ವೇಗ ಅರ್ಧವಾದರೆ ಶಾಖ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಈಗ ಘಾಟಿಯ ಲೆಕ್ಕ ಹಾಕಿ. ಅದೇ ಕಾರು 500 ಮೀಟರ್ ಎತ್ತರ ಇಳಿದರೆ 4,900 ಕಿಲೋಜೌಲ್, ಅಂದರೆ ಒಂದು ಬಕೆಟ್ ಸ್ನಾನದ ನೀರನ್ನು ಕೊತಕೊತ ಕುದಿಸುವಷ್ಟು. ಎರಡನೇ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ನುಂಗಿಕೊಳ್ಳುತ್ತದೆ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುತ್ತೇನೆ ಅಂದವರ ಬ್ರೇಕು ಅದಷ್ಟನ್ನೂ ತಾನೇ ನುಂಗಬೇಕು. ಆಗುಂಬೆಯ 14 ತಿರುವು ಇಳಿದ ಕಾರುಗಳಿಂದ ಬರುವ ಸುಟ್ಟ ವಾಸನೆ ಇದರದ್ದೇ. ಜೊತೆಗೆ, ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಸುಮಾರು ಮುಕ್ಕಾಲು ಪಾಲು ಕೆಲಸ ಮುಂದಿನ ಎರಡು ಚಕ್ರಗಳ ಪಾಲಿಗೇ ಬರುತ್ತದೆ.

ಈ ಶಾಖವನ್ನು ಮೊದಲು ಹೀರಿಕೊಳ್ಳುವುದು ಡಿಸ್ಕು. ಎರಕದ ಕಬ್ಬಿಣದ ಈ ತಟ್ಟೆ ದಪ್ಪಗಿದ್ದಷ್ಟೂ ಹೆಚ್ಚು ಬಿಸಿ ಹಿಡಿಯುತ್ತದೆ, ತೆಳುವಾದಂತೆ ಬೇಗ ಕಾದು ಬೇಗ ಬಿರುಕು ಬಿಡುತ್ತದೆ. ಅದಕ್ಕೇ ಕನಿಷ್ಠ ದಪ್ಪ ಎಷ್ಟಿರಬೇಕು ಅನ್ನುವುದನ್ನು ಡಿಸ್ಕಿನ ಅಂಚಿನಲ್ಲೋ ಟೋಪಿಯಂಥ ನಡುಭಾಗದಲ್ಲೋ ಕೆತ್ತಿರುತ್ತಾರೆ. 'ಮಿನ್' ಅಂತ ಶುರುವಾಗುವ ಅಕ್ಷರಗಳ ಪಕ್ಕ ಒಂದು ಸಂಖ್ಯೆ ಇರುತ್ತದೆ. ತುಕ್ಕು ಹಿಡಿದಿದ್ದರೆ ವೈರ್ ಬ್ರಷ್ಷಿನಿಂದ ಉಜ್ಜಿದರೆ ಕಾಣುತ್ತದೆ. ಸಾಮಾನ್ಯವಾಗಿ ಅದು ಹೊಸ ಡಿಸ್ಕಿನ ದಪ್ಪಕ್ಕಿಂತ 2 ಮಿ.ಮೀ. ಆಸುಪಾಸು ಕಡಿಮೆ. ಅಂದರೆ ಡಿಸ್ಕಿನ ಇಡೀ ಆಯುಷ್ಯ ಇರುವುದು ಆ 2 ಮಿ.ಮೀ.ನಲ್ಲಿ, ಒಂದೊಂದು ಮಗ್ಗುಲಿಗೆ ಒಂದೊಂದು ಮಿಲಿಮೀಟರ್.

ಲೇತಿನ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಹೊಸದಾಗಿದ್ದಾಗ 20 ಮಿ.ಮೀ. ಇದ್ದ ಡಿಸ್ಕಿಗೆ ಕನಿಷ್ಠ 18 ಅಂತಿಟ್ಟುಕೊಳ್ಳಿ. ಈಗ ಅಳೆದರೆ 19.6 ಬಂತು, ಮೈಮೇಲೆ ಸಣ್ಣ ಗೀರುಗಳಿವೆ. ಲೇತಿನಲ್ಲಿ ಎರಡೂ ಕಡೆ 0.2 ತೆಗೆದರೆ 19.2 ಉಳಿಯುತ್ತದೆ, ಕೊಟ್ಟ ದುಡ್ಡಿಗೆ ಬೆಲೆ ಬಂತು. ಅದೇ ಡಿಸ್ಕು 18.6 ಇದ್ದು, ಆಳದ ಗೀರು ಹೋಗಲು ಎರಡೂ ಕಡೆ 0.3 ತೆಗೆಯಬೇಕಾದರೆ? ಲೇತಿನಿಂದ ಹೊರಬಂದ ದಿನವೇ ಅದು 18ಕ್ಕೆ ನಿಂತಿರುತ್ತದೆ, ಹೊಸ ಪ್ಯಾಡ್ ಹಾಕಿ ಓಡಿಸಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಅಲ್ಲಿ ಲೇತಿನ ಕೂಲಿಯೂ ದಂಡ, ಪ್ಯಾಡಿನ ದುಡ್ಡೂ ದಂಡ. ಅಳೆಯುವಾಗ ಒಂದು ಎಚ್ಚರಿಕೆ: ಸವೆದ ಡಿಸ್ಕಿನ ಹೊರ ಅಂಚಿನಲ್ಲಿ ಪ್ಯಾಡ್ ತಾಗದೆ ಉಳಿದ ಏಣೊಂದು ಇರುತ್ತದೆ. ವರ್ನಿಯರ್ ಕ್ಯಾಲಿಪರ್ ಅನ್ನುವ ಅಳತೆ ಸಾಧನದ ದವಡೆ ಆ ಏಣಿಗೆ ತಗುಲಿ ಇಲ್ಲದ ದಪ್ಪ ತೋರಿಸುತ್ತದೆ. ಮೈಕ್ರೋಮೀಟರ್ ಅನ್ನುವ ಅಳತೆ ಸಾಧನದಲ್ಲಿ, ಪ್ಯಾಡ್ ಉಜ್ಜುವ ಜಾಗದಲ್ಲಿ, ಸುತ್ತಲೂ ನಾಲ್ಕಾರು ಕಡೆ ಅಳೆಯಬೇಕು.

ಇನ್ನು ನಡುಕದ ವಿಷಯ. ಇದನ್ನು ಎಲ್ಲರೂ "ಡಿಸ್ಕ್ ಬೆಂಡ್ ಆಗಿದೆ" ಅನ್ನುತ್ತಾರೆ. ತಟ್ಟೆ ಹಪ್ಪಳದಂತೆ ಸೊಟ್ಟಗಾಗುವುದು ಅಪರೂಪ. ಹೆಚ್ಚಿನ ಸಲ ಆಗಿರುವುದು ದಪ್ಪದಲ್ಲಿ ಏರುಪೇರು. ಒಂದು ಸುತ್ತಿನಲ್ಲಿ ದಪ್ಪ 0.02 ಮಿ.ಮೀ. ಹೆಚ್ಚು ಕಡಿಮೆಯಾದರೂ ಪೆಡಲಿನಲ್ಲಿ ಗೊತ್ತಾಗುತ್ತದೆ. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ ಅದು, ಬೆರಳಾಡಿಸಿ ಕಂಡುಹಿಡಿಯುವ ಮಾತೇ ಇಲ್ಲ. ಹಾಗಾಗಲು ಕಾರಣ ಡಿಸ್ಕಿನಲ್ಲೇ ಇರಬೇಕೆಂದೂ ಇಲ್ಲ. ಡಿಸ್ಕು ಕೂರುವ ಹಬ್ಬಿನ ಮುಖದಲ್ಲಿ ತುಕ್ಕಿನ ಚಕ್ಕೆ ಇದ್ದರೆ ಡಿಸ್ಕು ಓರೆಯಾಗಿ ಕೂರುತ್ತದೆ. ಪಂಚರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ನಟ್ಟುಗಳನ್ನು ಒಂದೊಂದನ್ನು ಒಂದೊಂದು ಬಿಗಿಗೆ ಕೂರಿಸಿದರೂ ಹಾಗೇ. ಓರೆ ಕೂತ ಡಿಸ್ಕು ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗಿ, ಕೆಲವು ಸಾವಿರ ಕಿಲೋಮೀಟರಿನಲ್ಲಿ ಅಲ್ಲೇ ತೆಳುವಾಗುತ್ತದೆ. ಘಾಟಿ ಇಳಿದು ಕಾದು ಕೆಂಡವಾದ ಬ್ರೇಕನ್ನು ಒತ್ತಿಕೊಂಡೇ ನಿಂತರೆ ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಅಚ್ಚೊತ್ತಿದಂತೆ ಅಂಟುವುದೂ ಇನ್ನೊಂದು ಕಾರಣ. ಹಬ್ಬನ್ನು ಉಜ್ಜಿ ಶುಚಿ ಮಾಡದೆ ಡಿಸ್ಕನ್ನು ಲೇತಿಗೆ ಕೊಟ್ಟರೂ ಅಷ್ಟೇ, ಹೊಸದು ಹಾಕಿದರೂ ಅಷ್ಟೇ, ನಡುಕ ಮತ್ತೆ ಬರುತ್ತದೆ. ಆಗ ಗಿರಾಕಿ ಡಿಸ್ಕ್ ಡೂಪ್ಲಿಕೇಟ್ ಅನ್ನುತ್ತಾನೆ, ಮೇಸ್ತ್ರಿ ರಸ್ತೆ ಸರಿಯಿಲ್ಲ ಅನ್ನುತ್ತಾನೆ.

ಅಳತೆ ಸರಿಯಿದ್ದರೂ ಲೇತಿಗೆ ಕೊಡಬಾರದ ಡಿಸ್ಕುಗಳಿವೆ. ನೀಲಿ ಮಚ್ಚೆ ಬಿದ್ದ ಡಿಸ್ಕು ವಿಪರೀತ ಕಾದದ್ದು. ಆ ಜಾಗದಲ್ಲಿ ಕಬ್ಬಿಣದ ಒಳರಚನೆಯೇ ಬದಲಾಗಿ ಗಟ್ಟಿ ಗಂಟಾಗಿರಬಹುದು. ಮೇಲಿನ ಪದರ ತೆಗೆದರೂ ಗಂಟು ಒಳಗೆ ಉಳಿದಿರುತ್ತದೆ, ಸುತ್ತಲಿನ ಭಾಗ ಬೇಗ ಸವೆದು ಅದು ಮತ್ತೆ ಎದ್ದು ನಿಲ್ಲುತ್ತದೆ. ಕೂದಲಿನಂಥ ಮೇಲ್ಮೈ ಗೆರೆಗಳನ್ನು ಹೇಗೋ ಸಹಿಸಬಹುದು, ಅಂಚಿನವರೆಗೆ ಹೋದ ಬಿರುಕನ್ನಲ್ಲ. ಅಂಥದ್ದು ನೇರ ಗುಜರಿಗೆ.

ಹಿಂದಿನ ಚಕ್ರದ ಡ್ರಮ್ಮಿಗೂ ಇದೇ ತರ್ಕ, ಲೆಕ್ಕ ಮಾತ್ರ ತಿರುಗುಮುರುಗು. ಡ್ರಮ್ಮು ಒಳಗಿನಿಂದ ಸವೆಯುವುದರಿಂದ ಅದರ ಮೇಲೆ ಗರಿಷ್ಠ ವ್ಯಾಸ ಕೆತ್ತಿರುತ್ತದೆ. ಅದನ್ನು ದಾಟಿದ ಡ್ರಮ್ಮಿನಲ್ಲಿ, ಒಳಗಿನಿಂದ ಒತ್ತುವ ಬ್ರೇಕ್ ಶೂಗಳು ಪೂರ್ತಿ ಮೈಯೊಡ್ಡಿ ತಾಗುವುದೇ ಇಲ್ಲ. ಅಂಬಾಸಿಡರ್ ಕಾಲದಲ್ಲಿ ಹಳೇ ಶೂಗೆ ಹೊಸ ಲೈನರ್, ಅಂದರೆ ಉಜ್ಜುವ ಪದರ, ಇಟ್ಟು ರಿವೆಟ್ ಹೊಡೆಸುವುದು ಮಾಮೂಲಾಗಿತ್ತು, ಲಾರಿಗಳಲ್ಲಿ ಈಗಲೂ ಉಂಟು. ಈಗಿನ ಸಣ್ಣ ಕಾರುಗಳ ಶೂಗಳಲ್ಲಿ ಲೈನರನ್ನು ಕಾಯಿಸಿ ಅಂಟಿಸಿರುತ್ತಾರೆ. ಅದನ್ನು ಕಿತ್ತು ಬೀದಿಯಂಗಡಿಯಲ್ಲಿ ಮತ್ತೆ ಅಂಟಿಸುವುದಕ್ಕಿಂತ ಹೊಸ ಶೂ ಸೆಟ್ಟೇ ಕ್ಷೇಮ, ಬೆಲೆಯಲ್ಲೂ ದೊಡ್ಡ ವ್ಯತ್ಯಾಸವಿಲ್ಲ. ಡ್ರಮ್ಮಿನೊಳಗಿನ ಧೂಳನ್ನು ಮಾತ್ರ ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಎಳೆಗಳು ಶ್ವಾಸಕೋಶ ಸೇರಿದರೆ ಕ್ಯಾನ್ಸರಿಗೆ ದಾರಿ. ಒದ್ದೆ ಮಾಡಿ ಒರೆಸಬೇಕು.

ಪ್ಯಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ರಿಪೇರಿ ಅನ್ನುವುದೇ ಇಲ್ಲ. ಹೊಸದರಲ್ಲಿ 10 ಮಿ.ಮೀ. ಆಸುಪಾಸು ಇರುವ ಉಜ್ಜುವ ಪದರ 3ಕ್ಕೆ ಬಂದಾಗ ಬದಲಿಸಿಬಿಡಿ, ಒಂದೇ ಆಕ್ಸಲಿನ ಎರಡೂ ಚಕ್ರಕ್ಕೆ ಒಟ್ಟಿಗೇ. ಹೊಳಪು ಬಂದ ಪ್ಯಾಡನ್ನು ಉಪ್ಪುಕಾಗದದಲ್ಲಿ ತಿಕ್ಕಿ ಹಾಕುವುದು ತಾತ್ಕಾಲಿಕ. ಗ್ರೀಸೋ ಬ್ರೇಕ್ ಆಯಿಲೋ ಕುಡಿದ ಪ್ಯಾಡನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಒಣಗಿಸಿ ಹಾಕುವವರನ್ನು ನೋಡಿದ್ದೇನೆ. ಒಳಗೆ ಇಳಿದ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ, ಆ ಚಕ್ರ ಹಿಡಿಯುವುದಿಲ್ಲ, ಕಾರು ಇನ್ನೊಂದು ಕಡೆಗೆ ಎಳೆಯುತ್ತದೆ. ಸೋರುವ ಜಾಗ ಮೊದಲು ಸರಿ ಮಾಡಿಸಿ ಆಮೇಲೆ ಹೊಸ ಪ್ಯಾಡ್ ಹಾಕಿಸಬೇಕು.

ಬಿಚ್ಚಿದ ಹಳೇ ಪ್ಯಾಡುಗಳನ್ನು ಎಸೆಯುವ ಮೊದಲು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ, ಕ್ಯಾಲಿಪರಿನ ಜಾತಕ ಅವುಗಳ ಮೇಲೇ ಬರೆದಿರುತ್ತದೆ. ಸಣ್ಣ ಕಾರುಗಳ ಕ್ಯಾಲಿಪರಿಗೆ ಒಳಗಡೆ ಮಾತ್ರ ಒಂದು ಪಿಸ್ಟನ್ ಇರುತ್ತದೆ. ಅದು ಒಳಪ್ಯಾಡನ್ನು ಒತ್ತಿದಾಗ ಕ್ಯಾಲಿಪರಿನ ಇಡೀ ದೇಹ ಎರಡು ಪಿನ್ನುಗಳ ಮೇಲೆ ಜಾರಿ ಹೊರಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ನಿನ ರಬ್ಬರ್ ಬೂಟು ಹರಿದು ಮಳೆನೀರು, ಕೆಸರು ಸೇರಿದರೆ ಪಿನ್ನು ಹಿಡಿದುಕೊಳ್ಳುತ್ತದೆ. ಆಗ ಒಂದು ಪ್ಯಾಡು ಬೀಡಿಯಂತೆ ಸುಟ್ಟು ಮುಗಿದಿರುತ್ತದೆ, ಇನ್ನೊಂದು ಹೊಸದರಂತೆ ಕೂತಿರುತ್ತದೆ. "ಕ್ಯಾಲಿಪರ್ ಜಾಮ್" ಅನ್ನುವ ದೂರಿನಲ್ಲಿ ಬಹುಪಾಲು ಇಷ್ಟೇ. ಪಿನ್ನು ಹೊರತೆಗೆದು, ತುಕ್ಕು ಒರೆಸಿ, ಬೂಟು ಬದಲಿಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿದರೆ ಕೆಲಸ ಮುಗಿಯಿತು. ಬೇರಿಂಗಿಗೆ ಹಾಕುವ ಮಾಮೂಲು ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸಿ ವರ್ಷದೊಳಗೆ ಮತ್ತೆ ಜಾಮ್ ಮಾಡುತ್ತದೆ. ಈ ಕೆಲಸಕ್ಕೆ ಅಸೆಂಬ್ಲಿ ಬದಲಿಸುವುದು ಬಾಗಿಲು ಕಿರುಗುಟ್ಟಿತೆಂದು ಹೊಸ ಬಾಗಿಲು ತಂದಂತೆ.

ಪಿಸ್ಟನ್ನೇ ಹಿಡಿದುಕೊಂಡಿದ್ದರೆ ಸ್ವಲ್ಪ ಗಂಭೀರ. ಪಿಸ್ಟನ್ನಿನ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲು ಆಯಿಲ್ ತಡೆಯುವುದಷ್ಟೇ ಅಲ್ಲ, ಕಾಲು ತೆಗೆದಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುವುದೂ ಅದೇ. ಸೀಲು ಹಳತಾದರೆ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ, ಮೈಲೇಜು ಬೀಳುತ್ತದೆ, ಒಂದು ಚಕ್ರ ಮಾತ್ರ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಕ್ಯಾಲಿಪರ್ ಬಿಚ್ಚಿ ನೋಡಿದಾಗ ಪಿಸ್ಟನ್ನಿನ ಮೈ ಕನ್ನಡಿಯಂತಿದ್ದರೆ ಸೀಲ್ ಕಿಟ್ ಸಾಕು. ಕ್ರೋಮ್ ಎದ್ದು ತುಕ್ಕಿನ ಗುಳಿ ಬಿದ್ದಿದ್ದರೆ ಪಿಸ್ಟನ್ನೂ ಹೊಸದು ಬೇಕು. ಕ್ಯಾಲಿಪರಿನ ದೇಹದಲ್ಲೇ ಸೀಲು ಕೂರುವ ಕಾಲುವೆ ಕೊರೆದುಹೋಗಿದ್ದರೆ, ಇಲ್ಲವೇ ಬಿರುಕಿದ್ದರೆ, ಆಗ ಮಾತ್ರ ಅಸೆಂಬ್ಲಿ. ಕಾರವಾರ, ಮಂಗಳೂರು ಕಡೆಯ ಉಪ್ಪುಗಾಳಿಯಲ್ಲಿ ಓಡಿದ ಕಾರುಗಳಿಗೆ ಈ ಹಂತ ಬೇಗ ಬರುತ್ತದೆ.

ಇಲ್ಲಿಂದ ಮುಂದಿನವು ಒತ್ತಡ ಹಿಡಿಯುವ ಭಾಗಗಳು, ಇಲ್ಲಿ ನನ್ನ ಉದಾರತೆ ಮುಗಿಯುತ್ತದೆ. ಪೆಡಲಿನ ಒತ್ತಡ ಚಕ್ರಕ್ಕೆ ಮುಟ್ಟುವುದು ದ್ರವದ ಮೂಲಕ. ಸ್ಟೀಲ್ ಪೈಪಿನ ಕೊನೆಗೆ, ಚಕ್ರ ತಿರುಗುವ ಕಡೆ, ಒಂದು ಮೊಳದಷ್ಟು ರಬ್ಬರ್ ಹೋಸು ಇರುತ್ತದೆ. ಅದನ್ನು ಬಗ್ಗಿಸಿ ನೋಡಿದಾಗ ಒಣಗಿದ ಕೆರೆಯ ಮಣ್ಣಿನಂತೆ ಬಿರುಕು ಕಂಡರೆ, ಯಾರಾದರೂ ಬ್ರೇಕ್ ಒತ್ತಿದಾಗ ಎಲ್ಲಾದರೂ ಉಬ್ಬಿದರೆ, ಅವತ್ತೇ ಬದಲಿಸಿ. ಟೇಪು, ಕ್ಲಿಪ್ಪು, ಸೊಲ್ಯೂಷನ್ ಯಾವುದೂ ಇಲ್ಲಿ ನಡೆಯುವುದಿಲ್ಲ. ಹೊರಗೆ ಚೆನ್ನಾಗಿದ್ದು ಒಳಗೆ ಪದರ ಕಿತ್ತು ಬಂದ ಹೋಸು ಇನ್ನೂ ಮೋಸಗಾರ. ಒತ್ತಿದ ದ್ರವವನ್ನು ಮುಂದೆ ಬಿಟ್ಟು ವಾಪಸು ಬರಲು ಬಿಡುವುದಿಲ್ಲ. ಚಕ್ರ ಹಿಡಿದುಕೊಳ್ಳುತ್ತದೆ, ಬೈಗುಳ ಕ್ಯಾಲಿಪರಿಗೆ ಬೀಳುತ್ತದೆ. ಹಿಡಿದುಕೊಂಡ ಚಕ್ರದಲ್ಲಿ ದ್ರವ ಹೊರಬಿಡುವ ಬ್ಲೀಡರ್ ನಿಪ್ಪಲ್ ಸಡಿಲಿಸಿದಾಗ ದ್ರವ ಚಿಮ್ಮಿ ಚಕ್ರ ಬಿಟ್ಟುಕೊಂಡರೆ, ಕ್ಯಾಲಿಪರಿಗೆ ಕೈಹಾಕುವ ಮುಂಚೆ ಹೋಸಿನ ಮೇಲೆ ಅನುಮಾನ ಪಡಬೇಕು. ತುಕ್ಕು ತಿಂದ ಸ್ಟೀಲ್ ಪೈಪನ್ನು ನಡುವೆ ಕತ್ತರಿಸಿ ಸಾದಾ ಜಾಯಿಂಟ್ ಹಾಕಿಕೊಡುತ್ತೇನೆ ಅಂದರೂ ಬೇಡ ಅನ್ನಿ. ಬ್ರೇಕಿನ ಒತ್ತಡ ತಡೆಯಲು ಪೈಪಿನ ಬಾಯಿಯನ್ನು ಎರಡು ಮಡಿಕೆಯಾಗಿ ಅಗಲಿಸಿ ಕೂರಿಸಬೇಕಾಗುತ್ತದೆ, ನೀರಿನ ನಲ್ಲಿಯ ಜಾಯಿಂಟು ಅಲ್ಲಿಗಲ್ಲ.

ಪೆಡಲ್ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಕ್ಕೆ ಇಳಿಯುತ್ತಾ ಹೋಗಿ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಪೆಡಲಿನ ಒತ್ತಡವನ್ನು ದ್ರವಕ್ಕೆ ಕೊಡುವ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಸೀಲು ಸೋತಿರುವ ಸಾಧ್ಯತೆ ಹೆಚ್ಚು. ಹಳೇ ಕಾರುಗಳ ಎರಕದ ಕಬ್ಬಿಣದ ಸಿಲಿಂಡರನ್ನು ಒಳಗೆ ಹಗುರಾಗಿ ಉಜ್ಜಿ ಕಿಟ್ ಹಾಕಿದರೆ ನಡೆಯುತ್ತಿತ್ತು. ಈಗಿನ ಅಲ್ಯೂಮಿನಿಯಂ ಸಿಲಿಂಡರಿನ ಒಳಮೈಗೆ ಗಟ್ಟಿಯಾದ ರಕ್ಷಣಾ ಪದರ ಕೊಟ್ಟಿರುತ್ತಾರೆ. ಉಜ್ಜಿದರೆ ಆ ಪದರ ಹೋಗಿ ಹೊಸ ಸೀಲನ್ನೇ ತಿಂದುಹಾಕುತ್ತದೆ. ಒಳಮೈ ಹೊಳೆಯುತ್ತಿದ್ದರೆ ಕಿಟ್, ಗುಳಿ ಬಿದ್ದಿದ್ದರೆ ಹೊಸ ಸಿಲಿಂಡರ್. ನನ್ನನ್ನು ಕೇಳಿದರೆ, ಹತ್ತು ವರ್ಷ ದಾಟಿದ ಕಾರಿಗೆ ಎರಡನೆಯದೇ. ಉಳಿಯುವ ದುಡ್ಡಿಗಿಂತ ನೆಮ್ಮದಿ ದೊಡ್ಡದು.

ಇಷ್ಟೆಲ್ಲ ಭಾಗಗಳ ನಡುವೆ ಯಾರೂ ಬದಲಿಸದ ಭಾಗ ಒಂದಿದೆ, ಅದು ಆ ದ್ರವವೇ. ನಾವದನ್ನು ಬ್ರೇಕ್ ಆಯಿಲ್ ಅನ್ನುತ್ತೇವೆ, ಆದರೆ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಉಪ್ಪಿನಂತೆ ಗಾಳಿಯ ತೇವ ಹೀರುವುದು ಅದರ ಗುಣ. ಡಾಟ್ 4 ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಈ ಸಂಖ್ಯೆಗಳು 205 ಮತ್ತು 140. ಘಾಟಿಯಲ್ಲಿ ಕ್ಯಾಲಿಪರ್ ಕಾದಾಗ ಹಳೇ ದ್ರವ ಕುದಿದು ಗುಳ್ಳೆ ಕಟ್ಟುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗುಳ್ಳೆಯನ್ನು ಕುಗ್ಗಿಸಬಹುದು. ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಅರ್ಧ ಗಂಟೆ ನಿಲ್ಲಿಸಿ ತಣ್ಣಗಾದ ಮೇಲೆ ಏನೂ ಆಗದವರಂತೆ ಬ್ರೇಕ್ ಮರಳುತ್ತದೆ, ಗ್ಯಾರೇಜಿನಲ್ಲಿ ಎಲ್ಲ ಸರಿಯಿದೆ ಅನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ದ್ರವ ಬದಲಿಸಿ ಏರ್ ತೆಗೆಸುವುದು ಡಿಸ್ಕಿನ ಬೆಲೆಯ ಮುಂದೆ ಏನೇನೂ ಅಲ್ಲ.

ಆಯಿಲ್ ಅನ್ನುವ ಹೆಸರನ್ನೇ ನಂಬಿ ಬ್ರೇಕ್ ದ್ರವದ ಡಬ್ಬಿಗೆ ಎಂಜಿನ್ ಆಯಿಲ್ ಸುರಿದವರೂ ಇದ್ದಾರೆ. ಇದು ಬ್ರೇಕಿಗೆ ಆಗಬಹುದಾದ ಅತಿ ದುಬಾರಿ ತಪ್ಪು. ಖನಿಜ ಎಣ್ಣೆ ತಾಗಿದ ರಬ್ಬರೆಲ್ಲ ನೆನೆದ ಕಡಲೆಯಂತೆ ಊದಿಕೊಳ್ಳುತ್ತದೆ. ತೊಳೆದರೆ ಸಾಲದು. ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಹೋಸು, ಕ್ಯಾಲಿಪರ್ ಸೀಲು, ಡ್ರಮ್ಮಿನೊಳಗೆ ಶೂ ಒತ್ತುವ ವೀಲ್ ಸಿಲಿಂಡರಿನವರೆಗೆ ಎಣ್ಣೆ ಮುಟ್ಟಿದ ಪ್ರತಿ ರಬ್ಬರೂ ಹೊಸದಾಗಬೇಕು. ಎಲ್ಲ ಬದಲಿಸಿ ಅನ್ನುವವರ ಮಾತನ್ನು ನಾನು ಚರ್ಚೆಯಿಲ್ಲದೆ ಒಪ್ಪುವುದು ಈ ಸಂದರ್ಭದಲ್ಲಿ.

ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬೂಸ್ಟರಿನ ಮೇಲೆ ಅನುಮಾನ ಬಂದರೆ ನೀವೇ ನೋಡಬಹುದು. ಎಂಜಿನ್ ಬಂದ್ ಮಾಡಿ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಕ್ಕೆ ಜಾರಿದರೆ ಬೂಸ್ಟರ್ ಬದುಕಿದೆ. ಜಾರದಿದ್ದರೆ ಬೂಸ್ಟರ್ ಬದಲಿಸುವ ಮುಂಚೆ ಅದಕ್ಕೆ ಬರುವ ವ್ಯಾಕ್ಯೂಮ್ ಹೋಸು ನೋಡಿಸಿ. ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ದೀಪ ಉರಿದಾಗಲೂ ಇದೇ ಕ್ರಮ. 2019ರ ಏಪ್ರಿಲ್‌ನಿಂದ ದೇಶದಲ್ಲಿ ತಯಾರಾಗುವ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ್ದರಿಂದ ಈ ದೂರು ಹೆಚ್ಚಾಗಿದೆ. ಎಷ್ಟೋ ಸಲ ಚಕ್ರದ ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ, ಕೆಸರು ಮೆತ್ತಿರುತ್ತದೆ, ಇಲ್ಲವೇ ವೈರು ಇಲಿ ಕಡಿದಿರುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್ ಒಳಗೆ ತುಕ್ಕು ಹಿಡಿದರೆ ಎಣ್ಣೆ ಬಿಟ್ಟು ಆಡಿಸುವುದು ಬೇಡ, ಹೊಸದು ಹಾಕಿಸಿ. ಮಳೆಗಾಲದಲ್ಲಿ ವಾರಗಟ್ಟಲೆ ಕಾರು ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಶೂ ಡ್ರಮ್ಮಿಗೆ ಅಂಟುವುದು ತಪ್ಪುತ್ತದೆ.

ನನ್ನ ಕಾರಿನ ಡಿಸ್ಕು ಕೊನೆಗೂ ಅಳೆಸಿದಾಗ ಕನಿಷ್ಠಕ್ಕಿಂತ ಒಂದೂಕಾಲು ಮಿಲಿಮೀಟರ್ ಮೇಲಿತ್ತು. ಹಬ್ಬಿನ ಮುಖದಲ್ಲಿ ತುಕ್ಕಿನ ಚಕ್ಕೆ, ಎಡಗಡೆ ಕ್ಯಾಲಿಪರಿನ ಒಂದು ಪಿನ್ನು ಜಾಮ್. ಹಬ್ಬು ಉಜ್ಜಿ, ಪಿನ್ನಿಗೆ ಗ್ರೀಸ್ ಹಚ್ಚಿ, ಡಿಸ್ಕನ್ನು ಲೇತಿಗೆ ಕೊಟ್ಟು, ಹೊಸ ಪ್ಯಾಡ್ ಮತ್ತು ಹೊಸ ದ್ರವ ಹಾಕಿಸಿದ್ದಾಯಿತು. ಲೇತಿನ ಮೇಸ್ತ್ರಿ ಅರ್ಧ ಸರಿ, ಕಂಪ್ಯೂಟರಿನ ಹುಡುಗ ಕಾಲು ಸರಿ.

ಬಿಚ್ಚಿದ ಹಳೇ ಸಾಮಾನನ್ನು ಕೇಳಿ ಪಡೆಯಿರಿ, ಬದಲಾಗಿದ್ದು ನಿಜವೇ ಅನ್ನುವುದಕ್ಕೆ ಅದೇ ಸಾಕ್ಷಿ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹೊಸ ಪ್ಯಾಡಿಗೆ ಸೆಟ್ ಆಗಲು ಬಿಡಿ, ತುರ್ತಿಲ್ಲದೆ ಜೋರಾಗಿ ಒತ್ತಬೇಡಿ. ಮತ್ತೆ, ಗ್ಯಾರೇಜಿನಿಂದ ಕಾರು ತೆಗೆಯುವಾಗ ಗೇರ್ ಹಾಕುವ ಮುಂಚೆ ಪೆಡಲನ್ನು ಐದಾರು ಸಲ ಒತ್ತಿ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ, ಮೊದಲ ಒಂದೆರಡು ಒತ್ತು ಖಾಲಿ ಹೋಗುತ್ತದೆ, ಗ್ಯಾರೇಜಿನ ಎದುರುಗೋಡೆ ಸಾಮಾನ್ಯವಾಗಿ ಹತ್ತಡಿಯೊಳಗೇ ಇರುತ್ತದೆ.